ಸುದ್ದಿಯಾಗೋ ಮುಂಚೆ ಆಕೆ ನಡೆದಿದ್ದಳು

ಗಂಡನನ್ನು ಪೊಲೀಸರು ಮನೆಯಿಂದ ಎಳೆದುಕೊಂಡು ಹೋಗಿದ್ದಾರೆ. ಯಾಕೆ ಅಂತ ಹೇಳಿಲ್ಲ. ಎಲ್ಲಿಗೆ ಅಂತಲೂ ಹೇಳಿಲ್ಲ. ಹೆಂಡತಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹುಡುಕೋಕೆ ಹೊರಡುತ್ತಾಳೆ. ಮಣ್ಣಿನ ರಸ್ತೆ. ಎರಡೂ ಕಡೆ ಹಸಿರು. ಆಕೆ ನಡೆಯುತ್ತಾಳೆ. ಒಂದು ಕಚೇರಿಯಲ್ಲಿ ಕೇಳಿದರೆ ಇಲ್ಲಿಲ್ಲ ಅಂತಾರೆ. ಇನ್ನೊಂದು ಕಡೆ ಹೋದರೆ ಮತ್ತೊಂದು ಕಡೆ ಕೈ ತೋರಿಸ್ತಾರೆ. ಆಕೆ ಮತ್ತೆ ನಡೆಯುತ್ತಾಳೆ.

ಈ ದೃಶ್ಯಗಳನ್ನು ನಮ್ಮ ನ್ಯೂಸ್‌ರೂಮಿನ ಯಾವುದೇ ವಿಡಿಯೋ ಎಡಿಟರ್ ಕೈಗೆ ಕೊಡಿ. ಎಂಟು ಸೆಕೆಂಡಿಗೆ ಇಳಿಸಿಬಿಡ್ತಾರೆ. ‘ನಡೆಯೋದು ಗೊತ್ತಾಯ್ತಲ್ಲ ಸಾರ್, ಮುಂದೇನು?’ ಅಂತಾರೆ. ಆದರೆ ಆ ಸಿನಿಮಾ ತೆಗೆದ ಹೆಣ್ಣುಮಗಳು ಕತ್ತರಿ ಹಾಕಲಿಲ್ಲ. ಒಂದು ದೇಶದ ಸ್ವಾತಂತ್ರ್ಯ ಹೋರಾಟದ ಬಗ್ಗೆ ಸಿನಿಮಾ ಮಾಡ್ತೀನಿ ಅಂತ ಹೊರಟವಳು ಬಾಂಬು, ಬಂದೂಕು, ಗೆರಿಲ್ಲಾ ದಾಳಿ ಎಲ್ಲವನ್ನೂ ಪಕ್ಕಕ್ಕಿಟ್ಟು, ಒಬ್ಬಳು ಹೆಂಡತಿ ಜೈಲಿಂದ ಜೈಲಿಗೆ ನಡೆಯೋದನ್ನೇ ಸಿನಿಮಾದ ಬೆನ್ನೆಲುಬು ಮಾಡಿಕೊಂಡಳು.

ಸಿನಿಮಾದ ಹೆಸರು ‘ಸಾಂಬಿಜಾಂಗಾ’. ಬಂದಿದ್ದು 1972ರಲ್ಲಿ. ನಿರ್ದೇಶಕಿ ಸಾರಾ ಮಾಲ್ಡೊರೋರ್. ಆಫ್ರಿಕಾದ ನೆಲದಲ್ಲಿ ಪೂರ್ಣ ಪ್ರಮಾಣದ ಕಥಾಚಿತ್ರ ನಿರ್ದೇಶಿಸಿದ ಮೊದಲ ಬೆರಳೆಣಿಕೆಯ ಮಹಿಳೆಯರಲ್ಲಿ ಒಬ್ಬಾಕೆ.

ಕಥೆಯ ಗಂಡನ ಹೆಸರು ಡೊಮಿಂಗೋಸ್ ಕ್ಸೇವಿಯರ್. ಹೆಂಡತಿ ಮರಿಯಾ. ಹೆಸರು ಕೇಳಿದರೆ ಗೋವಾದವರು, ಕಾರವಾರದವರು, ಇಲ್ಲಾ ಮಂಗಳೂರಿನವರು ಅನ್ನಿಸುತ್ತೆ ಅಲ್ವಾ? ಅಲ್ಲ. ಇವರು ಆಫ್ರಿಕಾದ ಪಶ್ಚಿಮ ಕರಾವಳಿಯ ಅಂಗೋಲಾದವರು. ಆದರೆ ಹೆಸರಿನ ಈ ನಂಟು ಸುಮ್ಮನೆ ಬಂದದ್ದಲ್ಲ. ಗೋವಾವನ್ನು ಆಳುತ್ತಿದ್ದ ಪೋರ್ಚುಗೀಸರೇ ಅಂಗೋಲಾವನ್ನೂ ಆಳುತ್ತಿದ್ದರು. 1510ರಲ್ಲಿ ಗೋವಾ ಹಿಡಿದರು. 1575ರಲ್ಲಿ ಅಂಗೋಲಾದ ಲುವಾಂಡಾದಲ್ಲಿ ಊರು ಕಟ್ಟಿದರು. ಇಪ್ಪತ್ತನೇ ಶತಮಾನದಲ್ಲಿ ಬ್ರಿಟಿಷರು, ಫ್ರೆಂಚರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದರೆ, ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್ ಮಾತ್ರ ಜಗ್ಗಲಿಲ್ಲ. ‘ನಮಗೆ ವಸಾಹತುಗಳೇ ಇಲ್ಲ, ಇರೋದು ಸಮುದ್ರದಾಚೆಯ ಪ್ರಾಂತ್ಯಗಳು’ ಅನ್ನೋದು ಆ ಸರ್ಕಾರದ ವಾದ. 1951ರಲ್ಲಿ ಕಾನೂನಿನ ಪುಸ್ತಕದಲ್ಲೇ ಹೆಸರು ಬದಲಾಯಿಸಿದರು. ಬೋರ್ಡು ಬದಲಾಯ್ತು. ಅಂಗಡಿ ಅದೇ!

1961ನೇ ಇಸವಿಯನ್ನು ನೆನಪಿಟ್ಟುಕೊಳ್ಳಿ. ಆ ವರ್ಷ ಪೋರ್ಚುಗೀಸ್ ಸಾಮ್ರಾಜ್ಯದ ಎರಡು ತುದಿಗಳಲ್ಲಿ ಬಿರುಕು ಬಿಟ್ಟಿತು. ಡಿಸೆಂಬರಿನಲ್ಲಿ ನಮ್ಮ ಸೇನೆ ಗೋವಾಕ್ಕೆ ನುಗ್ಗಿತು. ಅದಕ್ಕೂ ಮುಂಚೆ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಿಂದ ಪೋರ್ಚುಗೀಸರು ನಮ್ಮ ಹಡಗಿನ ಮೇಲೆ, ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿದ್ದು ಕರಾವಳಿಯ ಹಿರಿಯರಿಗೆ ಗೊತ್ತಿರುತ್ತೆ. ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾಯ್ತು. ಆದರೆ ವರ್ಷದ ಮೊದಲ ಬಿರುಕು ಬಿಟ್ಟಿದ್ದು ಲುವಾಂಡಾದಲ್ಲಿ, ಫೆಬ್ರವರಿ 4ರ ನಸುಕಿನಲ್ಲಿ.

ಆ ರಾತ್ರಿ ನೂರಾರು ಜನ ಅಂಗೋಲನ್ನರು ಜೈಲಿನ ಮೇಲೆ, ಪೊಲೀಸ್ ನೆಲೆಗಳ ಮೇಲೆ ಮುಗಿಬಿದ್ದರು. ಹೆಚ್ಚಿನವರ ಕೈಯಲ್ಲಿದ್ದದ್ದು ಮಚ್ಚು. ಒಳಗಿರುವ ರಾಜಕೀಯ ಕೈದಿಗಳನ್ನು ಬಿಡಿಸಬೇಕು ಅನ್ನೋದು ಉದ್ದೇಶ. ಜೈಲು ಒಡೆಯೋಕೆ ಆಗಲಿಲ್ಲ. ಆಮೇಲೆ ಬಡವರ ಕೇರಿಗಳಿಗೆ ನುಗ್ಗಿ ಪೊಲೀಸರು, ಅವರ ಜೊತೆ ಬಿಳಿಯರ ಗುಂಪುಗಳು ನಡೆಸಿದ ರಕ್ತಪಾತ ಭೀಕರ. ಆದರೂ ಅಂಗೋಲಾ ಇವತ್ತಿಗೂ ಆ ದಿನವನ್ನೇ ಸಶಸ್ತ್ರ ಹೋರಾಟದ ಮೊದಲ ದಿನ ಅಂತ ಆಚರಿಸುತ್ತೆ.

ನನ್ನ ವೃತ್ತಿಯವರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಆ ಹೊತ್ತಿಗೆ ಲುವಾಂಡಾದಲ್ಲಿ ವಿದೇಶಿ ಪತ್ರಕರ್ತರು ಬೀಡುಬಿಟ್ಟಿದ್ದರು. ಅಂಗೋಲಾದ ಜನರ ಕಷ್ಟ ವರದಿ ಮಾಡೋಕಲ್ಲ. ಸಲಜಾರನ ವಿರೋಧಿಯೊಬ್ಬ ‘ಸಾಂತಾ ಮರಿಯಾ’ ಅನ್ನೋ ಪೋರ್ಚುಗೀಸ್ ಪ್ರಯಾಣಿಕರ ಹಡಗನ್ನೇ ಅಪಹರಿಸಿದ್ದ. ಆ ಹಡಗು ಲುವಾಂಡಾಕ್ಕೆ ಬರಬಹುದು ಅಂತ ಕಾಯುತ್ತಿದ್ದರು. ಹಡಗು ಬರಲಿಲ್ಲ. ಆದರೆ ಕಣ್ಣೆದುರೇ ದಂಗೆ ಎದ್ದಿತು. ಜಗತ್ತಿಗೆ ಅಂಗೋಲಾ ಸುದ್ದಿಯಾಯ್ತು.

ಅಂದರೆ ಫೆಬ್ರವರಿ 4ರಿಂದ ಮುಂದಿನದ್ದು ಸುದ್ದಿ. ಹಾಗಾದರೆ ಫೆಬ್ರವರಿ 3ರ ತನಕ ನಡೆದದ್ದು ಏನು? ಆ ಜನ ಒಂದು ರಾತ್ರಿ ಮಚ್ಚು ಹಿಡಿದು ಜೈಲಿನ ಗೋಡೆಗೆ ಎದುರಾಗೋದಕ್ಕೆ ಮುಂಚೆ ಅವರ ಮನೆಗಳಲ್ಲಿ ಏನಾಗಿತ್ತು? ಅದನ್ನು ಯಾವ ಕ್ಯಾಮೆರಾವೂ ಹಿಡಿದಿರಲಿಲ್ಲ. ಸಾರಾ ಮಾಲ್ಡೊರೋರ್ ಹಿಡಿದದ್ದು ಅದನ್ನೇ. ‘ಸಾಂಬಿಜಾಂಗಾ’ ಮುಗಿಯೋದು ಫೆಬ್ರವರಿ 4ರ ದಾಳಿಯ ಸಂಚು ರೂಪುಗೊಳ್ಳುವಲ್ಲಿ. ಸುದ್ದಿ ಎಲ್ಲಿ ಶುರುವಾಗುತ್ತೋ ಅಲ್ಲಿ ಆಕೆಯ ಸಿನಿಮಾ ಮುಗಿಯುತ್ತೆ.

ಯಾರೀಕೆ?

ಹುಟ್ಟಿದ್ದು 1929ರ ಜುಲೈ 19ರಂದು, ಫ್ರಾನ್ಸಿನ ನೈರುತ್ಯದ ಒಂದು ಸಣ್ಣ ಊರಿನಲ್ಲಿ. ತಂದೆ ಕೆರಿಬಿಯನ್ ದ್ವೀಪ ಗ್ವಾಡಲೂಪ್ ಕಡೆಯವರು, ಕಪ್ಪು ಜನಾಂಗದವರು. ತಾಯಿ ಅದೇ ಊರಿನ ಸೀಮೆಯವರು. ಅಪ್ಪ ಅಮ್ಮ ಇಟ್ಟ ಹೆಸರು ಸಾರಾ ಡ್ಯುಕಾಡೋ. ‘ಮಾಲ್ಡೊರೋರ್’ ಆಕೆ ತಾನೇ ಇಟ್ಟುಕೊಂಡ ಹೆಸರು. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಕವಿ ಲೋತ್ರೆಯಾಮೋಂ ಬರೆದ ಕಾವ್ಯದ ನಾಯಕನ ಹೆಸರದು. ದೇವರಿಗೂ ತಿರುಗಿಬಿದ್ದವನು! ಹೆಸರಿನಲ್ಲೇ ಕಾವ್ಯ ಮತ್ತು ಬಂಡಾಯ ಎರಡನ್ನೂ ಕಟ್ಟಿಕೊಂಡು ಹೊರಟವಳು.

ಪ್ಯಾರಿಸ್ಸಿಗೆ ಬಂದಳು. ನಾಟಕದ ಹುಚ್ಚು. ಆದರೆ 1950ರ ದಶಕದ ಪ್ಯಾರಿಸ್ಸಿನ ರಂಗಭೂಮಿಯಲ್ಲಿ ಕಪ್ಪು ನಟಿಗೆ ಸಿಗುತ್ತಿದ್ದದ್ದು ಮನೆಗೆಲಸದವಳ ಪಾತ್ರ. ತಟ್ಟೆ ತರೋದು, ತಟ್ಟೆ ಒಯ್ಯೋದು. ಪಾತ್ರ ಕೊಡದಿದ್ದರೆ ಏನಂತೆ, ತಂಡವನ್ನೇ ಕಟ್ಟೋಣ ಅಂತ 1956ರಲ್ಲಿ ಹೈಟಿಯ ಗಾಯಕಿ ತೋತೋ ಬಿಸ್ಸೆಂತ್ ಮತ್ತಿತರ ಗೆಳೆಯರ ಜೊತೆ ಸೇರಿ ‘ಲೆ ಗ್ರಿಯೋ’ ಅನ್ನೋ ತಂಡ ಕಟ್ಟಿದಳು. ಪ್ಯಾರಿಸ್ಸಿನಲ್ಲಿ ಕಪ್ಪು ಕಲಾವಿದರೇ ಕಟ್ಟಿದ ಮೊದಲ ನಾಟಕ ತಂಡ ಅದು. ಪಶ್ಚಿಮ ಆಫ್ರಿಕಾದಲ್ಲಿ ವಂಶಾವಳಿ, ರಾಜರ ಕಥೆ, ಊರಿನ ಚರಿತ್ರೆ ಎಲ್ಲವನ್ನೂ ಬಾಯಲ್ಲೇ ಉಳಿಸಿಕೊಂಡು ಬಂದವರನ್ನು ಗ್ರಿಯೋ ಅಂತಾರೆ. ನಮ್ಮ ಹೆಳವರನ್ನು ನೆನಪು ಮಾಡಿಕೊಳ್ಳಿ, ಅರ್ಥವಾಗುತ್ತೆ.

ಅದೇ ಪ್ಯಾರಿಸ್ಸಿನಲ್ಲಿ ಆಕೆಗೆ ಜೊತೆಯಾದವನು ಮಾರಿಯೋ ಡಿ ಆಂಡ್ರೇಡ್. ಅಂಗೋಲಾದ ಕವಿ, ವಿಮರ್ಶಕ. ಮುಂದೆ ಅಂಗೋಲಾ ಬಿಡುಗಡೆಯ ಸಂಘಟನೆ ಎಂಪಿಎಲ್‌ಎಯ ಸ್ಥಾಪಕರಲ್ಲಿ ಒಬ್ಬ, ಅದರ ಮೊದಲ ಅಧ್ಯಕ್ಷ. 1961ರ ಏಪ್ರಿಲ್‌ನಲ್ಲಿ ಮೊರಾಕ್ಕೋದ ಕಾಸಾಬ್ಲಾಂಕಾದಲ್ಲಿ ಪೋರ್ಚುಗೀಸ್ ವಸಾಹತುಗಳ ಹೋರಾಟಗಾರರೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡರು. ಅದರ ಮುಂಚೂಣಿಯಲ್ಲಿ ಮಾರಿಯೋ ಇದ್ದ. ಆ ಒಕ್ಕೂಟದಲ್ಲಿ ಗೋವಾದವರೂ ಇದ್ದರು! ಗೋವಾದಲ್ಲಿ ಹುಟ್ಟಿದ ಅಕ್ವಿನೊ ಡಿ ಬ್ರಗಾನ್ಸಾ ಅಲ್ಲಿ ಚುರುಕಾಗಿ ಓಡಾಡಿಕೊಂಡಿದ್ದವರು. ಪಣಜಿಯ ಕಥೆ, ಲುವಾಂಡಾದ ಕಥೆ ಬೇರೆಬೇರೆ ಅಂತ ನಾವು ಓದಿಕೊಂಡಿದ್ದೇವೆ. ಅವರು ಹಾಗೆ ಅಂದುಕೊಂಡಿರಲಿಲ್ಲ.

ಅದೇ 1961ರಲ್ಲಿ ಸಾರಾ ಮಾಸ್ಕೋಗೆ ಹೋದಳು, ಸಿನಿಮಾ ಕಲಿಯೋಕೆ. ಗುರು ಮಾರ್ಕ್ ದೋನ್ಸ್ಕೋಯ್. ಗಾರ್ಕಿಯ ‘ತಾಯಿ’ ಕಾದಂಬರಿಯನ್ನು ಸಿನಿಮಾ ಮಾಡಿದವರು. ಆ ‘ತಾಯಿ’ ಕನ್ನಡದ ಓದುಗರಿಗೂ ಹೊಸಬಳಲ್ಲ. ಮಗನ ಬಂಧನವೇ ಒಬ್ಬ ಸಾಮಾನ್ಯ ಹೆಂಗಸಿನ ಕಣ್ಣು ತೆರೆಸೋ ಕಥೆ ಅದು. ‘ಸಾಂಬಿಜಾಂಗಾ’ದಲ್ಲಿ ಗಂಡನ ಬಂಧನದಿಂದ ಮರಿಯಾಳ ದಾರಿ ಶುರುವಾಗೋದನ್ನು ನೋಡಿದರೆ ಮಾಸ್ಕೋದ ಪಾಠ ಎಲ್ಲೋ ಕೂತಿತ್ತು ಅನ್ನಿಸುತ್ತೆ.

ಮಾಸ್ಕೋದಿಂದ ಮೊರಾಕ್ಕೋ, ಅಲ್ಲಿಂದ ಅಲ್ಜೀರಿಯಾ. ಆಗಷ್ಟೇ ಫ್ರೆಂಚರನ್ನು ಓಡಿಸಿದ್ದ ಅಲ್ಜೀರಿಯಾ ಆಫ್ರಿಕಾದ ಎಲ್ಲ ಬಂಡಾಯಗಾರರ ತಂಗುದಾಣವಾಗಿತ್ತು. ಪೊಂಟೆಕೊರ್ವೊ ನಿರ್ದೇಶನದ ‘ಬ್ಯಾಟಲ್ ಆಫ್ ಅಲ್ಜೀರ್ಸ್’ ಅನ್ನೋ ಜಗತ್ಪ್ರಸಿದ್ಧ ಸಿನಿಮಾಕ್ಕೆ ಸಾರಾ ಸಹಾಯಕಿಯಾಗಿ ದುಡಿದಳು. ಆಮೇಲೆ ತನ್ನದೇ ಮೊದಲ ಕಿರುಚಿತ್ರ ಮಾಡಿದಳು, ‘ಮೊನಾಂಗಾಂಬೆ’. ಹದಿನೈದಿಪ್ಪತ್ತು ನಿಮಿಷದ್ದು ಅಷ್ಟೇ. ಕಥೆ ಕೇಳಿ.

ಜೈಲಿನಲ್ಲಿರೋ ಗಂಡನನ್ನು ನೋಡೋಕೆ ಹೆಂಡತಿ ಬರ್ತಾಳೆ. ಮುಂದಿನ ಸಲ ಬರುವಾಗ ‘ಕಂಪ್ಲೀಟ್’ ತರ್ತೀನಿ ಅಂತಾಳೆ. ಅವರ ಕಡೆ ಹಾಗಂದರೆ ಒಂದು ಊಟ. ನಾವು ಫುಲ್ ಮೀಲ್ಸ್ ಅಂತೀವಲ್ಲ, ಹಾಗೆ. ಆದರೆ ಪೋರ್ಚುಗೀಸರ ಭಾಷೆಯಲ್ಲಿ ಅದರರ್ಥ ಕೋಟು, ಪ್ಯಾಂಟು ಎಲ್ಲ ಸೇರಿದ ಪೂರ್ತಿ ಸೂಟು. ಜೈಲಿನ ಅಧಿಕಾರಿಗಳ ತಲೆ ಓಡುತ್ತೆ. ಈ ಬಡವನಿಗೆ ಸೂಟು ಯಾಕೆ? ಹೊಲಿಗೆಯೊಳಗೆ ಗುಪ್ತ ಸಂದೇಶ ಬರ್ತಿದೆಯಾ? ಹಾಕ್ತಾರೆ ಚಿತ್ರಹಿಂಸೆ. ಒಂದು ಮೀನಿನ ಊಟದ ಹೆಸರಿಗೆ ಒಬ್ಬ ಮನುಷ್ಯನ ಮೈ ಹಣ್ಣಾಗುತ್ತೆ. ಶತಮಾನಗಟ್ಟಲೆ ಆಳಿದವರಿಗೆ ಆಳಿಸಿಕೊಂಡವರ ಊಟದ ಹೆಸರೂ ಗೊತ್ತಿಲ್ಲ! ಸಾಮ್ರಾಜ್ಯಶಾಹಿಯ ಬಗ್ಗೆ ನಾವು ಒಂದು ಗಂಟೆ ಚರ್ಚೆ ನಡೆಸಿದರೂ ಇಷ್ಟು ಹೇಳೋಕಾಗಲ್ಲ.

ಈ ಕಥೆ ಬರೆದವನು ಲುವಾಂಡಿನೊ ವಿಯೆರಾ. ಪೋರ್ಚುಗಲ್ಲಿನಲ್ಲಿ ಹುಟ್ಟಿದ ಬಿಳಿಯ, ಆದರೆ ಬೆಳೆದದ್ದು ಲುವಾಂಡಾದಲ್ಲಿ. ಊರಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡ. 1961ರಲ್ಲಿ ಬಂಧನವಾಗಿ 14 ವರ್ಷದ ಶಿಕ್ಷೆಯಾಯ್ತು. ಕೇಪ್ ವರ್ಡೆ ದ್ವೀಪದ ಕುಖ್ಯಾತ ತರಾಫಾಲ್ ಶಿಬಿರಕ್ಕೆ ಕಳಿಸಿದರು. 1965ರಲ್ಲಿ ಪೋರ್ಚುಗಲ್ಲಿನ ಲೇಖಕರ ಸಂಘ ಈತನ ಕಥಾಸಂಕಲನಕ್ಕೆ ಪ್ರಶಸ್ತಿ ಕೊಟ್ಟಿತು. ಸರ್ಕಾರ ಏನು ಮಾಡಿತು ಗೊತ್ತಾ? ಲೇಖಕರ ಸಂಘವನ್ನೇ ಮುಚ್ಚಿಸಿತು!

ಇನ್ನು ಸಾರಾಳ ಎರಡನೇ ಸಾಹಸ. 1970ರಲ್ಲಿ ಆಕೆ ಗಿನಿ ಬಿಸ್ಸಾವ್‌ಗೆ ಹೋದಳು. ಅದೂ ಪೋರ್ಚುಗೀಸರ ವಸಾಹತು. ಅಮಿಲ್ಕಾರ್ ಕಬ್ರಾಲ್ ನೇತೃತ್ವದಲ್ಲಿ ಅಲ್ಲಿ ಕಾಡಿನ ಯುದ್ಧ ನಡೆಯುತ್ತಿತ್ತು. ಹೋರಾಟಗಾರರ ನಡುವೆಯೇ ಕ್ಯಾಮೆರಾ ಹಿಡಿದು ‘ಬಾಂಟಾಕ್ಕೆ ಬಂದೂಕುಗಳು’ ಅನ್ನೋ ಸಿನಿಮಾ ಚಿತ್ರಿಸಿದಳು. ನಾಯಕಿ ಹಳ್ಳಿಯ ಹೆಂಗಸು ಆವಾ. ಹಣ ಅಲ್ಜೀರಿಯಾ ಸೇನೆಯದ್ದು. ಆದರೆ ಸಿನಿಮಾ ಹೇಗಿರಬೇಕು ಅನ್ನೋದರಲ್ಲಿ ಹಣ ಕೊಟ್ಟವರಿಗೂ ಆಕೆಗೂ ಜಟಾಪಟಿಯಾಯ್ತು. ಆಕೆ ತಲೆಬಾಗುವ ಪೈಕಿ ಅಲ್ಲ. ಫಿಲ್ಮ್ ರೀಲುಗಳನ್ನು ಜಪ್ತಿ ಮಾಡಿದರು. ಆಕೆಯನ್ನು ದೇಶದಿಂದಲೇ ಹೊರಹಾಕಿದರು. ಆ ಸಿನಿಮಾ ಬಿಡುಗಡೆಯಾಗಲೇ ಇಲ್ಲ. ಇವತ್ತು ಉಳಿದಿರೋದು ಶೂಟಿಂಗ್ ಸಮಯದ ಒಂದಷ್ಟು ಫೋಟೋ ಮಾತ್ರ.

ಸ್ವಲ್ಪ ನಿಂತು ಯೋಚನೆ ಮಾಡಿ. ಆಕೆಯ ಫಿಲ್ಮ್ ಕಿತ್ತುಕೊಂಡಿದ್ದು ಸಲಜಾರನ ಪೊಲೀಸರಲ್ಲ. ವಸಾಹತುಶಾಹಿಯನ್ನು ಸೋಲಿಸಿ ಬಂದ ಒಂದು ಕ್ರಾಂತಿಕಾರಿ ಸರ್ಕಾರದ ಸೇನೆ. ಹೋರಾಟಕ್ಕೆ ಕಲಾವಿದರು ಬೇಕು, ಹೋರಾಟ ಮುಗಿದ ಮೇಲೆ ಅವರ ಸ್ವಂತ ಬುದ್ಧಿ ಬೇಡ. ಇದು ಯಾವುದೋ ಒಂದು ದೇಶದ ಕಥೆ ಅಂತ ನನಗೆ ಅನ್ನಿಸಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದರೇನೋ. ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ನಲ್ಲಿ, ಎರಡು ಹೆಣ್ಣುಮಕ್ಕಳನ್ನು ಸಾಕಿಕೊಂಡಿದ್ದ ಆ ತಾಯಿ ಮತ್ತೆ ವಿಯೆರಾನ ಇನ್ನೊಂದು ಕಥೆ ಕೈಗೆತ್ತಿಕೊಂಡಳು. ಅದೇ ಡೊಮಿಂಗೋಸ್ ಕ್ಸೇವಿಯರನ ಕಥೆ. ಚಿತ್ರಕಥೆಗೆ ಮಾರಿಯೋ ಕೈಜೋಡಿಸಿದ. ಅಂಗೋಲಾದಲ್ಲಿ ಯುದ್ಧ ನಡೀತಿತ್ತು, ಅಲ್ಲಿ ಶೂಟಿಂಗ್ ಅಸಾಧ್ಯ. ಪಕ್ಕದ ಕಾಂಗೋ ಬ್ರಾಜಾವಿಲ್‌ನಲ್ಲಿ ಏಳು ವಾರಗಳಲ್ಲಿ ಚಿತ್ರೀಕರಣ. ಪಾತ್ರಧಾರಿಗಳಲ್ಲಿ ಹೆಚ್ಚಿನವರು ನಟರೇ ಅಲ್ಲ, ಅನೇಕರು ಎಂಪಿಎಲ್‌ಎ ಕಾರ್ಯಕರ್ತರು. ಮರಿಯಾ ಆಗಿ ನಡೆದ ಎಲಿಸಾ ಆಂಡ್ರೇಡ್ ಕೂಡ ವೃತ್ತಿಯಿಂದ ನಟಿಯಲ್ಲ, ಕೇಪ್ ವರ್ಡೆಯ ವಿದ್ಯಾವಂತೆ.

ಡೊಮಿಂಗೋಸ್ ಒಂದು ಅಣೆಕಟ್ಟು ಕೆಲಸದಲ್ಲಿ ಟ್ರ್ಯಾಕ್ಟರ್ ಡ್ರೈವರ್. ನಾನು ಓದಿದ್ದು ಇಂಜಿನಿಯರಿಂಗ್. ಅಣೆಕಟ್ಟು ಅಂದರೆ ನಮ್ಮ ಪುಸ್ತಕಗಳಲ್ಲಿ ಎತ್ತರ, ಒತ್ತಡ, ಕ್ಯೂಸೆಕ್ಸು. ಈ ಸಿನಿಮಾದಲ್ಲಿ ಅಣೆಕಟ್ಟು ಅಂದರೆ ಕಲ್ಲು ಒಡೆಯೋ ಕೈಗಳು. ಆ ಕೆಲಸದ ಜಾಗದಲ್ಲಿ ಒಬ್ಬ ಬಿಳಿಯ ಇಂಜಿನಿಯರ್ ಗುಟ್ಟಾಗಿ ಹೋರಾಟಗಾರರ ಪರ ಇದ್ದಾನೆ. ಪೊಲೀಸರಿಗೆ ಬೇಕಿರೋದು ಅವನ ಹೆಸರು. ಹೊಡೀತಾರೆ. ಡೊಮಿಂಗೋಸ್ ಬಾಯಿ ಬಿಡಲ್ಲ. ಮತ್ತೆ ಹೊಡೀತಾರೆ. ಬಿಡಲ್ಲ. ಒಬ್ಬ ಕಪ್ಪು ಕೂಲಿಕಾರ ಒಬ್ಬ ಬಿಳಿಯನ ಹೆಸರು ಉಳಿಸೋಕೆ ಸಾಯ್ತಾನೆ. ಹೋರಾಟ ಬಿಳಿಯ ಬಣ್ಣದ ಮೇಲಲ್ಲ, ಆಳ್ವಿಕೆಯ ಮೇಲೆ ಅನ್ನೋದಕ್ಕೆ ಬೇರೆ ಭಾಷಣ ಬೇಕಾ?

ಅತ್ತ ಆತ ಸಾಯುತ್ತಿದ್ದರೆ ಇತ್ತ ಮರಿಯಾ ಇನ್ನೂ ನಡೆಯುತ್ತಲೇ ಇದ್ದಾಳೆ. ಸಿನಿಮಾ ಈ ಎರಡು ದಾರಿಯ ಮಧ್ಯೆ ಓಡಾಡುತ್ತೆ. ಮೂರನೇ ದಾರಿಯೂ ಒಂದಿದೆ. ಜೈಲಿಗೆ ಹೊಸ ಕೈದಿಯೊಬ್ಬ ಬಂದದ್ದನ್ನು ಒಬ್ಬ ಹುಡುಗ ನೋಡ್ತಾನೆ. ಅಜ್ಜನಿಗೆ ಹೇಳ್ತಾನೆ. ಅಜ್ಜ ಇನ್ನೊಬ್ಬರಿಗೆ, ಅವರು ದರ್ಜಿ ಮುಸುಂದಾಗೆ. ಯಾರವನು? ಯಾವ ಊರು? ಯಾರ ಮಗ? ಕಿವಿಯಿಂದ ಕಿವಿಗೆ ಸುದ್ದಿ ಸಾಗುತ್ತೆ. ಪತ್ರಿಕೆ ಇಲ್ಲದ, ರೇಡಿಯೋ ಇಲ್ಲದ ಜನರ ವಾರ್ತಾವಾಹಿನಿ ಅದು. ಅಪರಿಚಿತ ಕೈದಿಯೊಬ್ಬ ‘ನಮ್ಮವನು’ ಆಗೋದನ್ನು ನಾವು ಕಣ್ಣಾರೆ ನೋಡ್ತೇವೆ. ಸಂಘಟನೆ ಅಂದರೆ ಅದೇ ತಾನೇ?

ಕೊನೆಗೆ ಸಾವಿನ ಸುದ್ದಿ ಬರೋದು ಒಂದು ಕುಣಿತದ ಕೂಟಕ್ಕೆ. ಮುಸುಂದಾ ಸಂಗೀತ ನಿಲ್ಲಿಸಿ ಹೇಳ್ತಾನೆ, ಡೊಮಿಂಗೋಸ್ ಸತ್ತಿಲ್ಲ, ಅಂಗೋಲಾದ ಜನರ ಎದೆಯಲ್ಲಿ ಈಗ ಬದುಕು ಶುರು ಮಾಡಿದ್ದಾನೆ ಅಂತ. ಆಮೇಲೆ ಸಂಗೀತ ಮತ್ತೆ ಶುರುವಾಗುತ್ತೆ.

ಸಿನಿಮಾಕ್ಕೆ 1972ರಲ್ಲೇ ಟ್ಯುನೀಷಿಯಾದ ಕಾರ್ಥೇಜ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. ಪೋರ್ಚುಗಲ್‌ನಲ್ಲಿ ನಿಷೇಧ. ಅದು ನಿರೀಕ್ಷಿತವೇ. ಆಶ್ಚರ್ಯದ ಸಂಗತಿ ಅಂದರೆ ಹೋರಾಟದ ಪರ ಇದ್ದವರಿಂದಲೂ ಆಕ್ಷೇಪ ಬಂತು. ಯುದ್ಧ ಎಲ್ಲಿ, ಗೆರಿಲ್ಲಾಗಳೆಲ್ಲಿ ಅಂದರು. ಸಿನಿಮಾ ವಿಪರೀತ ಚೆನ್ನಾಗಿ ಕಾಣುತ್ತೆ, ನಾಯಕಿ ಇಷ್ಟು ಸುಂದರಿಯಾಗಿರಬಾರದಿತ್ತು ಅಂತಲೂ ಅಂದರು.

ಈ ಎರಡನೇ ಆಕ್ಷೇಪ ನನ್ನನ್ನು ಬಹಳ ಕಾಡಿದೆ. ತುಳಿತಕ್ಕೊಳಗಾದವರು ಪರದೆಯ ಮೇಲೆ ಚೆಂದ ಕಾಣಬಾರದು ಅಂತ ಯಾರು ನಿಯಮ ಮಾಡಿದ್ದು? ಬಡವರನ್ನು ತೋರಿಸಬೇಕಾದಾಗ ನಾವೂ ಏನು ಹುಡುಕ್ತೀವಿ? ಹರಿದ ಬಟ್ಟೆ, ಸೋರುವ ಮೂಗು, ಕಣ್ಣೀರು. ಹಿಂದೆ ಒಂದು ಪಿಟೀಲು. ಕನಿಕರ ಹುಟ್ಟಬೇಕು ಅಂದರೆ ಅವರು ಕನಿಷ್ಠರಾಗಿ ಕಾಣಬೇಕು ಅನ್ನೋದು ಕ್ಯಾಮೆರಾದ ಹಳೇ ಚಾಳಿ. ಸಾರಾಗೆ ಕನಿಕರ ಬೇಕಿರಲಿಲ್ಲ. ಮರಿಯಾಳ ಮುಖದ ಮೇಲೆ ಬಿಸಿಲು ಬೀಳೋದನ್ನು, ಆಕೆ ಕೂಸಿಗೆ ಹಾಲೂಡಿಸೋದನ್ನು, ನೆರೆಯ ಹೆಂಗಸರು ಸುತ್ತ ಕೂತು ಸಮಾಧಾನ ಮಾಡೋದನ್ನು ಅವಸರವಿಲ್ಲದೆ ತೋರಿಸಿದಳು. ಆ ಮನೆಯಲ್ಲಿ ಪ್ರೀತಿ ಇತ್ತು, ನಗು ಇತ್ತು ಅಂತ ಮೊದಲು ಗೊತ್ತಾದರೆ ತಾನೇ ಪೊಲೀಸರು ಕಿತ್ತುಕೊಂಡದ್ದು ಏನು ಅಂತ ಗೊತ್ತಾಗೋದು? ಒಬ್ಬ ಹೆಂಗಸಿನ ಒಂಟಿತನ, ನಡೆಯೋಕೆ ಹಿಡಿಯೋ ಹೊತ್ತು, ಇದನ್ನೇ ತೋರಿಸಬೇಕಿತ್ತು ಅನ್ನೋ ಅರ್ಥದ ಮಾತನ್ನು ಆಕೆ ಸಂದರ್ಶನವೊಂದರಲ್ಲಿ ಹೇಳಿದ್ದಳು. ಆಕೆಯ ಸಿನಿಮಾವನ್ನು ಕಾವ್ಯ ಅಂತ ಕರೆಯೋದು ಇದಕ್ಕೇ. ಆ ಹೊತ್ತು ಆಕೆಯ ವಾದದ ಭಾಗ, ಶೃಂಗಾರಕ್ಕೆ ಅಂಟಿಸಿದ್ದಲ್ಲ.

1974ರ ಏಪ್ರಿಲ್ 25. ಪೋರ್ಚುಗಲ್‌ನಲ್ಲಿ ಸೈನಿಕರೇ ಸರ್ವಾಧಿಕಾರವನ್ನು ಉರುಳಿಸಿದರು. ವಸಾಹತು ಯುದ್ಧಗಳಲ್ಲಿ ಸಾಯೋದು ಸಾಕಾಗಿತ್ತು ಅವರಿಗೆ. ಆ ಕ್ರಾಂತಿಯಿಂದ ಅಂಗೋಲಾಕ್ಕೆ 1975ರ ನವೆಂಬರ್ 11ರಂದು ಸ್ವಾತಂತ್ರ್ಯ ಬಂತು. ಅದೇ ಕ್ರಾಂತಿಯ ಫಲವಾಗಿಯೇ ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿಕೊಂಡು 1974ರ ಡಿಸೆಂಬರ್ 31ರಂದು ನವದೆಹಲಿಯಲ್ಲಿ ಸಹಿ ಹಾಕಿತು. ನಮ್ಮ ಸೇನೆ ಗೋವಾ ಬಿಡಿಸಿ ಹದಿಮೂರು ವರ್ಷವಾದ ಮೇಲೆ! ಆಫ್ರಿಕಾದ ಕಾಡುಗಳಲ್ಲಿ ಕಾದಾಡಿದವರಿಗೆ ಆ ಕಾಗದದಲ್ಲಿ ಒಂದು ಪಾಲು ಸಲ್ಲಬೇಕು.

ಆದರೆ ಸಾರಾ, ಮಾರಿಯೋ ಇಬ್ಬರಿಗೂ ಸ್ವತಂತ್ರ ಅಂಗೋಲಾದಲ್ಲಿ ನೆಲೆ ಸಿಗಲಿಲ್ಲ. ಪಕ್ಷದೊಳಗೆ ಪ್ರಶ್ನೆ ಕೇಳಿದವರ ಗುಂಪಿನಲ್ಲಿ ಮಾರಿಯೋ ಇದ್ದ. ಕಟ್ಟಿದವನೇ ಹೊರಗಿನವನಾದ. 1990ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಸಾರಾ ಕ್ಯಾಮೆರಾ ಕೆಳಗಿಡಲಿಲ್ಲ. ನಲವತ್ತಕ್ಕೂ ಹೆಚ್ಚು ಚಿತ್ರ ಮಾಡಿದಳು. ಮಾರ್ಟಿನಿಕ್‌ನ ಮಹಾಕವಿ ಎಮೆ ಸೆಸೇರ್ ಬಗ್ಗೆ ಒಂದಲ್ಲ, ಹಲವು. ಸೆಸೇರನ ಒಂದು ನಾಟಕವನ್ನು ಚಿತ್ರಿಸೋಕೆ ಆಕೆ ಆರಿಸಿಕೊಂಡ ಜಾಗ ನೋಡಿ: ಪ್ಯಾರಿಸ್ಸಿನ ಮಾನವ ವಸ್ತುಸಂಗ್ರಹಾಲಯದ ಉಗ್ರಾಣ. ಆಫ್ರಿಕಾದಿಂದ ತಂದು ಕಪಾಟಿನಲ್ಲಿ ಜೋಡಿಸಿಟ್ಟ ವಿಗ್ರಹಗಳ ನಡುವೆ ಬಂಡಾಯಗಾರನ ಮಾತು! 1981ರಲ್ಲಿ ಫ್ರೆಂಚ್ ಟೀವಿಗಾಗಿ ಒಂದು ಹಾಸ್ಯಚಿತ್ರ ಮಾಡಿದಳು. ಪ್ಯಾರಿಸ್ಸಿನ ಕಸ ಗುಡಿಸೋ ಇಬ್ಬರು ಆಫ್ರಿಕನ್ನರಿಗೆ ಹಳೇ ಅಡುಗೆ ಪುಸ್ತಕ ಸಿಗುತ್ತೆ. ಅದನ್ನು ಬಾಯಿಪಾಠ ಮಾಡಿ, ಕಾಯಿಲೆಬಿದ್ದ ಗೆಳೆಯನನ್ನು ಊರಿಗೆ ಕಳಿಸೋ ಹಣಕ್ಕಾಗಿ ಟೀವಿ ಸ್ಪರ್ಧೆಗೆ ಹೋಗ್ತಾರೆ. ಫ್ರೆಂಚರಿಗೆ ಫ್ರೆಂಚ್ ಅಡುಗೆ ಹೇಳಿಕೊಡೋದು ಯಾರು ಅಂತೀರಿ?

2020ರ ಏಪ್ರಿಲ್ 13ರಂದು, 90ನೇ ವಯಸ್ಸಿನಲ್ಲಿ, ಸಾರಾ ಮಾಲ್ಡೊರೋರ್ ಕೊರೊನಾದಿಂದ ತೀರಿಕೊಂಡಳು. ಆ ತಿಂಗಳು ಜಗತ್ತಿನ ಎಲ್ಲ ಚಾನೆಲ್ಲುಗಳಲ್ಲಿ ಸಾವು ಅಂದರೆ ಒಂದು ಅಂಕಿ, ಪರದೆಯ ಮೂಲೆಯಲ್ಲಿ ಏರುತ್ತಾ ಹೋಗುವ ಅಂಕಿ. ಮರುವರ್ಷ ‘ಸಾಂಬಿಜಾಂಗಾ’ವನ್ನು ಶುಚಿ ಮಾಡಿ ಮತ್ತೆ ಹೊರತಂದರು. ಬಣ್ಣಗಳು ಮರಳಿ ಬಂದವು.

ಲಾಕಪ್ಪಿನಲ್ಲಿ ಒಬ್ಬ ಸತ್ತರೆ ಸುದ್ದಿ. ಆತನ ಹೆಂಡತಿ ಆ ಠಾಣೆಯ ಬಾಗಿಲಿಗೆ ಬರೋಕೆ ಮುಂಚೆ ಎಷ್ಟು ಠಾಣೆ ಸುತ್ತಿದ್ದಳು, ಯಾರು ಆಕೆಗೆ ನೀರು ಕೊಟ್ಟರು, ಯಾರು ಬಾಗಿಲು ಹಾಕಿದರು, ಕೂಸಿಗೆ ದಾರಿಯಲ್ಲಿ ಏನು ತಿನ್ನಿಸಿದಳು? ಅದು ಬುಲೆಟಿನ್ನಿಗೆ ಬರಲ್ಲ. ಆದರೆ ಜನ ಒಂದು ದಿನ ಬೀದಿಗಿಳಿದಾಗ ‘ಇದ್ದಕ್ಕಿದ್ದಂತೆ ಭುಗಿಲೆದ್ದ ಆಕ್ರೋಶ’ ಅಂತ ನಾವು ಓದ್ತೀವಲ್ಲ, ಅದು ಇದ್ದಕ್ಕಿದ್ದಂತೆ ಎದ್ದದ್ದಲ್ಲ. ಅಷ್ಟು ದೂರ ಯಾರೋ ನಡೆದಿರ್ತಾರೆ. ಅವಕಾಶ ಸಿಕ್ಕರೆ ‘ಸಾಂಬಿಜಾಂಗಾ’ ನೋಡಿ. ಮರಿಯಾ ನಡೆಯುವಾಗ ಫಾರ್ವರ್ಡ್ ಮಾತ್ರ ಮಾಡಬೇಡಿ.